ಪಡಸಾಲಿ ಟಪಾಲ ಕಚೇರಿ: ಹಿಂದಕ್ಕ ಹತ್ತು ಫೂಟು

ಹೋದ ವಾರ ಕಪ್ಪು ನುಸಿ ಬಗ್ಗೆ ಬರೆದಿದ್ದೆ, ಅದರ ಎರಡನೇ ಕಂತು ಯಾವಾಗ ಅಂತ ಬಹಳ ಮಂದಿ ಕೇಳ್ಯಾರ. ಅದು ಮುಂದಿನ ವಾರ. ಈಗ ಕಾಯಿ ಕಣದಾಗ ಹರವೇತಿ, ರಾತ್ರಿ ಕಾವಲಿಗೆ ಕೂತೀನಿ, ಕೈಯಾಗ ಮೊಬೈಲು ಐತಿ. ಬೆಳಿ ಮಾತು ಬಿಟ್ಟು ಇವತ್ತು ಗೋಡೆ ಮಾತು ಬರೀತೀನಿ. ನಮ್ಮ ಹಳೇ ಮನಿ ಪಡಸಾಲಿಯಾಗಿನ ಟಪಾಲ ಕಚೇರಿ ಮಾತು.

ನಮ್ಮೂರು ಬ್ಯಾಡಗಿ ತಾಲ್ಲೂಕಿನ ಸಣ್ಣ ಊರು, ಹೆದ್ದಾರಿಯಿಂದ ಸ್ವಲ್ಪ ಒಳಗೆ. ಆ ಕೋಣೆಯ ಅಳತೆ 8 ಫೂಟು ಅಗಲ, 9 ಫೂಟು ಉದ್ದ. ಒಂದೂವರೆ ಮೊಳ ದಪ್ಪದ ಮಣ್ಣಿನ ಗೋಡೆ, ಮೇಲೆ ಸಾಗವಾನಿ ತೊಲೆ, ಬೇವಿನ ಜಂತಿ. ಬೀದಿ ಕಡೆ ಒಂದು ಕಿಟಕಿ. ಕಾರ್ಡು, ರೊಕ್ಕ ಒಳಗೆ ಹೊರಗೆ ಹೋಗಲಿ ಅಂತ ನಡುವಿನ ಒಂದು ಸರಳನ್ನ ದೊಡ್ಡಪ್ಪ ಕಿತ್ತಿಸಿದ್ದ. ಕಿಟಕಿ ಕೆಳಗೆ ಕಲ್ಲಿನ ಕಟ್ಟೆ. ಗೋಡೆಯ ಗೂಡಿನಾಗ ಮಸಿ ಡಬ್ಬಿ, ಮುದ್ರೆ, ಅರಗು. ದೊಡ್ಡಪ್ಪ ನಮ್ಮೂರ ಪೋಸ್ಟ್ ಮಾಸ್ತರ ಆಗಿದ್ದ. ಮುಂಜಾನೆ ಹೊಲ, ಹೊತ್ತೇರಿದ ಮೇಲೆ ಟಪಾಲು, ಸಂಜೀಕ ಮತ್ತೆ ಹೊಲ. ಅವನ ಅಂಗಿ ಕಿಸೆಯಾಗ ಒಂದು ಕಡೆ ಎಲಿಅಡಿಕಿ, ಇನ್ನೊಂದು ಕಡೆ ಸ್ಟ್ಯಾಂಪು. ಮಳೆಗಾಲದಾಗ ಸ್ಟ್ಯಾಂಪು ಒಂದಕ್ಕೊಂದು ಅಂಟಿ ಕೂತು ಎಷ್ಟೋ ಸಲ ತನ್ನ ರೊಕ್ಕದಾಗ ತುಂಬಿಕೊಟ್ಟಾನ.

ಈಗ ದೊಡ್ಡಪ್ಪ ಇಲ್ಲ. ಹತ್ತನೇ ಇಯತ್ತೆಯ ಅಂಕದ ಮೇಲೆ ಆಯ್ಕೆಯಾಗಿ ಬೇರೆ ಊರಿನ ಒಬ್ಬ ಹೆಣ್ಣುಮಗಳು ಪೋಸ್ಟ್ ಮಾಸ್ತರ ಆಗಿ ಬಂದಾರ. ಊರಾಗ ಎಲ್ಲಾರೂ ಅಕ್ಕೋರ ಅಂತಾರ. ಶಾಖಾ ಅಂಚೆ ಕಚೇರಿಯ ನಿಯಮ ನಿಮಗೆ ಗೊತ್ತಿರಬಹುದು: ಕಚೇರಿಗೆ ಜಾಗ ಹೊಂದಿಸೋದು ಆ ಪೋಸ್ಟ್ ಮಾಸ್ತರನ ಕೆಲಸ. ಅಕ್ಕೋರು ನಮ್ಮ ಪಡಸಾಲಿಯಾಗೇ ಮುಂದುವರೆಸ್ಯಾರ. ಆದ್ರ ಮನಿ ಈಗ ಪಾಲಾಗೇತಿ. ಆ ಕೋಣೆ ನನ್ನ ದೊಡ್ಡಪ್ಪನ ಮಗನ ಪಾಲಿಗೆ ಬಂದೈತಿ, ಅದರ ಹಿಂದಿನ ಹಿತ್ತಲ ನನ್ನ ಪಾಲಿಗೆ. ಅವನು ಅಂತಾನ, "ತಮ್ಮಾ, ಇದನ್ನ ಕೆಡವಿ ಮೂರು ಮಳಿಗಿ ಎಬ್ಬಿಸಿದ್ರ ತಿಂಗಳಾ ಬಾಡಗಿ ಬರ್ತೈತಿ. ಟಪಾಲ ಕಚೇರಿ ಪಂಚಾಯ್ತಿ ಕಟ್ಟಡಕ್ಕ ಹೋಗ್ಲಿ." ಅವನ ಮಾತು ಸುಳ್ಳಲ್ಲ. ಅವನಿಗೂ ಇಬ್ಬರು ಮಕ್ಕಳು, ಒಬ್ಬಾಕಿ ನರ್ಸಿಂಗ್ ಓದಾಕತ್ಯಾಳ. ಆದ್ರ ಪಂಚಾಯ್ತಿ ಕಟ್ಟಡ ಇರೋದು ಹೊಳೆ ಆಚಿ ದೊಡ್ಡ ಊರಾಗ. ಪೆನ್ಶನ್ ತಗೊಳ್ಳೋ ಮುದುಕಿ ಅಲ್ಲಿಗೆ ಹೋಗಬೇಕಂದ್ರ ಆಟೋದವನಿಗೆ ಎಷ್ಟು ಕೊಡಬೇಕು ಲೆಕ್ಕ ಹಾಕ್ರಿ.

ನಾನು ಅಂದೆ, "ಅಣ್ಣಾ, ಕೆಡವೋದು ಬ್ಯಾಡ, ಹಿಂದಕ್ಕ ಹತ್ತು ಫೂಟು ನನ್ನ ಹಿತ್ತಲದಾಗ ಚಾಚೋಣು." ಅಲ್ಲಿಂದ ಶುರುವಾದದ್ದು ಈ ತಲಾಶು. ಸರಕಾರದ ಕಚೇರಿ ಒಂದು ರೈತನ ಪಡಸಾಲಿಗೆ ಬಂದು ಕೂತದ್ದಾದರೂ ಹೆಂಗ? ಓದಿದೆ, ಹಿರಿಯರನ್ನ ಕೇಳಿದೆ. ಗೊತ್ತಾದದ್ದನ್ನ ಇಲ್ಲಿ ಹಾಕ್ತೀನಿ.

ಮೊದಲು ಒಂದು ಶಬ್ದದ ಮಾತು. ನಾವು ಟಪಾಲು ಅಂತೀವಿ, ತುಂಗಭದ್ರಾ ಆಚೆಯವರು ಅಂಚೆ ಅಂತಿದ್ದರು. ಇದು ಬರೀ ಮಾತಿನ ಫರಕಲ್ಲ, ಎರಡು ಸರಕಾರದ ಫರಕು. ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಎಲ್ಲಾ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಯೊಳಗೆ. ಹೊಳೆ ದಾಟಿ ಹರಿಹರಕ್ಕೆ ಕಾಲಿಟ್ಟರೆ ಮೈಸೂರು ಸಂಸ್ಥಾನ, ಅದಕ್ಕೆ ತನ್ನದೇ ಅಂಚೆ ವ್ಯವಸ್ಥೆ ಇತ್ತು. 1889ರಲ್ಲಿ ಮೈಸೂರು ಅಂಚೆಯನ್ನ ಬ್ರಿಟಿಷರ ಅಂಚೆ ಇಲಾಖೆಯೊಳಗೆ ಸೇರಿಸಿದರು. ಮೈಸೂರಿನ ಅಂಚೆ ಹೋಯ್ತು, ಆದ್ರ ಆ ಹೆಸರು ಉಳೀತು. 1956ರಲ್ಲಿ ಎಲ್ಲಾ ಒಂದೇ ರಾಜ್ಯ ಆದ ಮೇಲೆ ನಮ್ಮ ಕಡೆ ಬೋರ್ಡಿನ ಮೇಲೂ ಅಂಚೆ ಬಂತು. ಬಾಯಾಗ ಮಾತ್ರ ಇನ್ನೂ ಟಪಾಲೇ. ನಮ್ಮ ಪಡಸಾಲಿಯ ತಗಡಿನ ಬೋರ್ಡಿನ ಮೇಲೆ "ಶಾಖಾ ಅಂಚೆ ಕಚೇರಿ" ಅಂತ ಬರೆದೈತಿ, ಓದಿದವರೂ ಓದದವರೂ ಟಪಾಲ ಕಚೇರಿ ಅಂತಲೇ ಕರೀತಾರ.

ಇನ್ನು ದರ. 1854ಕ್ಕಿಂತ ಮೊದಲು ಕಾಗದ ಎಷ್ಟು ದೂರ ಹೋಗತೈತಿ ಅನ್ನೋದನ್ನ ನೋಡಿ ರೊಕ್ಕ ಇಸಗೊಳ್ಳುತ್ತಿದ್ದರು. ಕಲ್ಕತ್ತಾದಿಂದ ಮುಂಬಯಿಗೆ ಒಂದು ತೊಲ ತೂಕದ ಕಾಗದಕ್ಕೆ ಒಂದು ರೂಪಾಯಿ. ಆ ಕಾಲದ ಒಂದು ರೂಪಾಯಿ ಅಂದ್ರ ಬಡವನ ಕೈಗೆ ಸಿಗೋ ಮಾತಲ್ಲ. 1854ರ ಅಕ್ಟೋಬರ್ 1ರಿಂದ ಇಡೀ ದೇಶಕ್ಕೆ ಒಂದೇ ದರ ಬಂತು. ಕಾಲು ತೊಲ ತೂಕದ ಕಾಗದ ಎಲ್ಲಿಂದ ಎಲ್ಲಿಗೇ ಹೋಗಲಿ, ಅರ್ಧ ಆಣೆ. 1879ರಲ್ಲಿ ಕಾಲಾಣೆಯ ಕಾರ್ಡು ಬಂತು. ಈಗಲೂ ಕಾರ್ಡಿಗೆ 50 ಪೈಸೆ. ಈ ದೇಶದಾಗ ಇಷ್ಟು ವರ್ಷ ದರ ಏರದ ವಸ್ತು ಇದು ಮತ್ತು ನಮ್ಮ ಜ್ವಾಳ ಅಂತ ದೊಡ್ಡಪ್ಪ ಚಾಷ್ಟಿ ಮಾಡ್ತಿದ್ದ.

ನಮ್ಮ ಮೂರು ಊರಿಗೆ ಟಪಾಲು ಬಂದದ್ದು ರಸ್ತೆ ಹಿಡಿದು. ಹಳೇ ಪುಣೆ–ಹರಿಹರ ರಸ್ತೆ ಅಂದ್ರ ಹೆಚ್ಚುಕಡಿಮಿ ಈಗಿನ 48ನೇ ನಂಬರಿನ ಹೆದ್ದಾರಿ. ಹಾವೇರಿ, ಮೋಟೆಬೆನ್ನೂರು, ರಾಣೇಬೆನ್ನೂರು ಅದರ ಬದಿಗೇ ಇದಾವ. ರೈಲು ಬರೋ ಮುಂಚೆ ಹರಿಕಾರರು ಚೀಲ ಹೊತ್ತು ಓಡುತ್ತಿದ್ದರು. ಕೈಯಾಗ ಗೆಜ್ಜೆ ಕಟ್ಟಿದ ಈಟಿ. ಒಬ್ಬ ಐದಾರು ಮೈಲು ಓಡಿ ಮುಂದಿನವನಿಗೆ ಚೀಲ ದಾಟಿಸಬೇಕು. ಊರಾಗಿನ ಟಪಾಲ ಕಚೇರಿ ಅಂದ್ರ ಆಗ ಮುಖ್ಯವಾಗಿ ಚೀಲ ಬದಲಿಸೋ ಜಾಗ. ಒಂದು ಕೋಣೆ, ಒಂದು ಪೆಟ್ಟಿಗಿ, ಒಂದು ದೀಪ ಇದ್ರ ಸಾಕು.

ಹಾವೇರಿ ಆ ಕಾಲಕ್ಕೂ ವ್ಯಾಪಾರದ ಊರು. 1884ರಲ್ಲಿ ಮುಂಬಯಿ ಸರಕಾರ ಅಚ್ಚು ಹಾಕಿದ ಧಾರವಾಡ ಜಿಲ್ಲಾ ಗ್ಯಾಝೆಟಿಯರಿನಾಗ ಹಾವೇರಿಯ ಏಲಕ್ಕಿ ಕೆಲಸದ ವರ್ಣನೆ ಐತಿ. ಮಲೆನಾಡಿನ ಏಲಕ್ಕಿ ಇಲ್ಲಿಗೆ ಬಂದು, ಇಲ್ಲಿನ ಬಾವಿಯ ನೀರಿನಾಗ ಅಂಟವಾಳ ಹಾಕಿ ತೊಳೆಸಿಕೊಂಡು ಬೆಳ್ಳಗಾಗಿ ಹೊರಗೆ ಹೋಗುತ್ತಿತ್ತು. ಈಗಿನ ಏಲಕ್ಕಿ ಹಾರದ ಬೇರು ಅಲ್ಲೇ ಐತಿ. ರಾಣೇಬೆನ್ನೂರಿಗೆ ಹತ್ತಿ, ನೇಯ್ಗೆ. ಬ್ಯಾಡಗಿಗೆ ಮೆಣಸಿನಕಾಯಿ. ವ್ಯಾಪಾರ ಇದ್ದಲ್ಲಿ ಕಾಗದ, ಕಾಗದ ಇದ್ದಲ್ಲಿ ಟಪಾಲು. ಮಾಲು ಕೊಂಡವನು ಒಂದು ಊರಾಗ, ಮಾಲು ಇರೋದು ಇನ್ನೊಂದು ಊರಾಗ. ನಡುವೆ ನಂಬಿಕೆ ಉಳಿಯಬೇಕಾದ್ರ ಬರಹ ಬೇಕು.

1880ರ ದಶಕದಾಗ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಬ್ಬಳ್ಳಿಯಿಂದ ಹರಿಹರದ ಕಡೆ ಹಳಿ ಹಾಕಿತು. ರಸ್ತೆ ಬ್ಯಾಡಗಿ ಊರನ್ನ ಬದಿಗೆ ಬಿಟ್ಟಿತ್ತು, ರೈಲು ಬಿಡಲಿಲ್ಲ. ಈ ಒಂದು ಮಾತನ್ನ ನಾವು ಮರೀತೀವಿ. ಬ್ಯಾಡಗಿ ಪ್ಯಾಟಿ ಇಷ್ಟು ದೊಡ್ಡದಾಗಿದ್ದಕ್ಕ ಕಾಯಿಯ ಬಣ್ಣ ಎಷ್ಟು ಕಾರಣವೋ ಆ ಸ್ಟೇಶನ್ನೂ ಅಷ್ಟೇ ಕಾರಣ ಅಂತ ನನ್ನ ಎಣಿಕೆ. ರೈಲಿನ ಕೂಡ ತಂತಿ ಬಂತು. ನಮ್ಮ ಅಜ್ಜ ಹೇಳ್ತಿದ್ದ: ದಲಾಲರ ಅಂಗಡಿಯಾಗ ತಂತಿ ಬಂದ ದಿನ ಮುಖ ನೋಡಿದ್ರ ಸಾಕು, ರೇಟು ಏರೇತೋ ಇಳಿದೈತೋ ತಿಳೀತಿತ್ತು, ಆದ್ರ ಬಾಯಿ ಬಿಡ್ತಿರಲಿಲ್ಲ. ಮುಂಬಯಿ ರೇಟು ದಲಾಲನಿಗೆ ಮುಂಜಾನೆ ಗೊತ್ತು, ರೈತನಿಗೆ ಚೀಲ ತೂಗಿ ಮುಗಿದ ಮೇಲೆ ಗೊತ್ತು. ತಂತಿ 2013ರ ಜುಲೈಯಾಗ ನಿಂತು ಹೋಯ್ತು. ಈಗ ರೇಟು ಎಲ್ಲಾರ ಮೊಬೈಲಿನಾಗ ಐತಿ. ಆದರೂ ದಲಾಲರ ಮುಖ ನೋಡೋ ಚಾಳಿ ನಮಗೆ ಹೋಗಿಲ್ಲ.

ಇನ್ನು ಕೋಣೆ ಹೆಂಗ ತುಂಬಿತು ಅನ್ನೋದಕ್ಕೆ ಬರ್ತೀನಿ. ಇದೇ ನನಗೆ ಬಹಳ ಹಿಡಿಸಿದ ಭಾಗ. ಟಪಾಲ ಕಚೇರಿ ಮೊದಲು ಕಾಗದದ ಕೆಲಸಕ್ಕಷ್ಟೇ ಇತ್ತು. 1877ರಲ್ಲಿ ವಿ.ಪಿ. ಪಾರ್ಸಲ್ ಶುರುವಾಯ್ತು, ಅಂದ್ರ ಸಾಮಾನು ಕೈಗೆ ಬಂದ ಮೇಲೆ ರೊಕ್ಕ ಕೊಡೋದು. ಈಗ ಆನ್‌ಲೈನ್ ಅಂಗಡಿಯವರು ಹೊಸದಾಗಿ ಕಂಡುಹಿಡಿದವರಂಗೆ ಹೇಳೋ ಕ್ಯಾಶ್ ಆನ್ ಡೆಲಿವರಿ ಇದೇ. 1880ರಲ್ಲಿ ಮನಿ ಆರ್ಡರ್ ಬಂತು. 1882ರ ಏಪ್ರಿಲ್ 1ರಿಂದ ಉಳಿತಾಯ ಬ್ಯಾಂಕು. 1884ರಲ್ಲಿ ಜೀವ ವಿಮೆ, ಮೊದಲಿಗೆ ಇಲಾಖೆ ನೌಕರರಿಗಷ್ಟೇ. ನಮ್ಮಂಥ ಹಳ್ಳಿಯವರಿಗೆ ಗ್ರಾಮೀಣ ಅಂಚೆ ವಿಮೆ ಬರಬೇಕಾದ್ರ 1995ರ ತನಕ ಕಾಯಬೇಕಾಯ್ತು. ಬಂಗಾಳದ ಕಡೆ 1892ರ ಸುಮಾರಿನಿಂದ ಚಳಿಜ್ವರದ ಕ್ವಿನೈನ್ ಪುಡಿಯನ್ನೂ ಪೋಸ್ಟಿನಾಗೇ ಮಾರಿದರು. ಹತ್ತು ಹದಿನೈದು ವರ್ಷದೊಳಗೆ ಕಾಗದ ಹಂಚೋ ಕೋಣೆ ಬ್ಯಾಂಕೂ ಆಯ್ತು, ಅಂಗಡಿನೂ ಆಯ್ತು. ಕೆಲಸ ಬೆಳೀತು, ಹಳ್ಳಿಯ ಕೋಣೆ ಬೆಳೀಲಿಲ್ಲ.

ಯಾಕ ಬೆಳೀಲಿಲ್ಲ ಅಂದ್ರ ಹಳ್ಳಿ ಕಚೇರಿಗೆ ಸರಕಾರ ಕೋಣೆ ಕಟ್ಟಲೇ ಇಲ್ಲ. ಬ್ರಿಟಿಷರ ಲೆಕ್ಕ ಬಹಳ ಜುಗ್ಗ. ಹಳ್ಳಿಯೊಳಗೆ ಮೊದಲು ಪ್ರಯೋಗಕ್ಕೆ ಅಂತ ಕಚೇರಿ ತೆಗೀಬೇಕು, ಖರ್ಚು ಹೊರಟರೆ ಕಾಯಂ, ಇಲ್ಲಾಂದ್ರ ಬಾಗಲಾ ಹಾಕಬೇಕು. ಹೊಸ ನೌಕರನ್ನ ಇಟ್ಟರೆ ಪಗಾರ ಕೊಡಬೇಕು, ಅದಕ್ಕ ಊರಾಗ ಆಗಲೇ ಇರೋ ಸಾಲಿ ಮಾಸ್ತರಿಗೋ, ಅಂಗಡಿಕಾರನಿಗೋ, ಹೊಲ ಇದ್ದವನಿಗೋ ಸಣ್ಣ ಭತ್ಯೆ ಕೊಟ್ಟು ಈ ಕೆಲಸ ಹಚ್ಚಿದರು. ಅವನಿಗೆ ಬೇರೆ ಉಪಜೀವನ ಇರಬೇಕು, ಅವನ ಮನಿಯಾಗ ಜಾಗ ಇರಬೇಕು. ಸ್ವಾತಂತ್ರ್ಯ ಬಂದ ಮೇಲೂ ಇದೇ ರಿವಾಜು ನಡೀತು. ಹೆಸರು ಇಲಾಖೇತರ ನೌಕರ, ಈಗ ಗ್ರಾಮೀಣ ಡಾಕ್ ಸೇವಕ. ದಿನಕ್ಕೆ ನಾಲ್ಕೈದು ತಾಸಿನ ಕೆಲಸ. ಹಿಂಗಾಗಿ ಈ ದೇಶದ ಟಪಾಲ ಕಚೇರಿಗಳ ಚರಿತ್ರೆ ಅಂದ್ರ ಅರ್ಧಕ್ಕಿಂತ ಹೆಚ್ಚು ರೈತರ ಪಡಸಾಲಿಯ ಚರಿತ್ರೆ. ಪುಸ್ತಕದಾಗ ಬರೋದು ಮಾತ್ರ ಗುಮ್ಮಟದ ಕಟ್ಟಡ.

ಗುಮ್ಮಟ ಅಂದೆ ನೋಡ್ರಿ, ಅದರದೂ ಒಂದು ಮಾತು ಐತಿ. ನಮ್ಮ ಭಾಗದ ಟಪಾಲು ಮುಂಬಯಿ ಪ್ರಾಂತ್ಯದ್ದು ಅಂದೆನಲ್ಲ, ಆ ಮುಂಬಯಿಯ ದೊಡ್ಡ ಪೋಸ್ಟ್ ಆಫೀಸು ಕಟ್ಟಿದ್ದು 1904ರಿಂದ 1913ರ ತನಕ. ನಕಾಶೆ ಮಾಡಿದವರು ಜಾನ್ ಬೆಗ್. ಅದರ ಗುಮ್ಮಟಕ್ಕೆ ಮಾದರಿ ಯಾವುದು ಅಂತೀರಿ? ನಮ್ಮ ವಿಜಯಪುರದ ಗೋಳಗುಮ್ಮಟ. ಕರ್ನಾಟಕದ ಗುಮ್ಮಟ ನೋಡಿ ಮುಂಬಯಿಗೆ ಕಟ್ಟಿದರು, ಕರ್ನಾಟಕದ ಹಳ್ಳಿಗೆ ಮಾತ್ರ 8 ಫೂಟು ಅಗಲದ ಕೋಣೆ, ಅದೂ ನಮ್ಮದೇ.

ಸಿಟ್ಟಿನಿಂದ ಹೇಳಾಕತ್ತಿಲ್ಲ. ಈ ಜುಗ್ಗತನದಿಂದ ಒಂದು ಒಳ್ಳೇದೂ ಆಯ್ತು. ಕಟ್ಟಡ ಕಟ್ಟೇ ಕಚೇರಿ ತೆಗೀತೀವಿ ಅಂದಿದ್ರ ಇಷ್ಟು ಹಳ್ಳಿಗೆ ಟಪಾಲು ಬರ್ತಿರಲಿಲ್ಲ. 1947ರಲ್ಲಿ ದೇಶದಾಗ 23,344 ಅಂಚೆ ಕಚೇರಿ ಇದ್ದವು, ಅವುಗಳಾಗ 19,184 ಹಳ್ಳಿಯವು. ಈಗ ಒಂದೂವರೆ ಲಕ್ಷ ದಾಟ್ಯಾವ, ನೂರಕ್ಕೆ ತೊಂಬತ್ತರಷ್ಟು ಹಳ್ಳಿಯವೇ. ಅಮೆರಿಕದಾಗ ಇದು ಉಲ್ಟಾ ಆಯ್ತು. ಅಲ್ಲಿ 1896ರಲ್ಲಿ ರೈತರ ಮನಿ ಬಾಗಲಿಗೇ ಪುಕ್ಕಟೆ ಟಪಾಲು ತಲುಪಿಸೋದು ಶುರು ಮಾಡಿದರು. ರೈತರಿಗೆ ಖುಷಿ ಆಯ್ತು, ಆದ್ರ ಕಿರಾಣಿ ಅಂಗಡಿಯಾಗಿದ್ದ ಸಣ್ಣ ಸಣ್ಣ ಪೋಸ್ಟ್ ಆಫೀಸುಗಳು ಒಂದೊಂದೇ ಮುಚ್ಚಿದವು. 1901ರಲ್ಲಿ 76,945 ಇದ್ದದ್ದು ಆಮೇಲೆ ಇಳೀತಾನೇ ಹೋಯ್ತು. 1930ರ ದಶಕದ ಮಂದಗತಿಯಾಗ, ಮಂದಿಗೆ ಕೆಲಸ ಸಿಗಲಿ ಅಂತ ಅಲ್ಲಿನ ಸರಕಾರ ಸಣ್ಣ ಪಟ್ಟಣಗಳಾಗ ಸಾವಿರಕ್ಕೂ ಹೆಚ್ಚು ಪೋಸ್ಟ್ ಆಫೀಸು ಕಟ್ಟಿಸಿತು. ಎಷ್ಟೋ ಕಡೆ ಒಳಗೋಡೆಗೆ ಆ ಊರಿನ ಬೆಳೆ, ಸುಗ್ಗಿ, ದುಡಿಮೆಯ ಚಿತ್ರ ಬರೆಸಿದರು. ಆಮೇಲೆ ಜಾಗ ಸಾಲದೆ ಬಂದಾಗ ಬಹಳ ಕಡೆ ಮುಂಭಾಗ ಹಂಗೇ ಬಿಟ್ಟು ಹಿಂದೆ ಚಾಚಿದರು. ಇದನ್ನ ಓದಿದಾಗ ನನಗೆ ಧೈರ್ಯ ಬಂತು. ಹತ್ತು ಫೂಟು ಹಿಂದಕ್ಕೆ ಅನ್ನೋದು ಮಳ್ಳತನ ಅಲ್ಲ.

1942 ಬಿಟ್ಟು ನಮ್ಮ ಕಡೆಯ ಟಪಾಲಿನ ಕಥಿ ಹೇಳಾಕ ಬರೂದಿಲ್ಲ. ಚಲೇಜಾವ್ ಚಳವಳಿಯಾಗ ನಮ್ಮ ಭಾಗದ ತರುಣರು ಚಾವಡಿ, ರೈಲು ನಿಲ್ದಾಣ, ತಂತಿ ಕಂಬ, ಟಪಾಲು ಚೀಲ ಇವನ್ನೇ ಗುರಿ ಮಾಡಿದರು. ಯಾಕಂದ್ರ ಹಳ್ಳಿಯವರ ಕಣ್ಣಿಗೆ ಸರಕಾರ ಅಂತ ಕಾಣ್ತಿದ್ದದ್ದು ಇವೇ. ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರು, ಹದಿಹರೆಯದಾಗೇ ಗಾಂಧೀಜಿ ಜೊತೆ ದಂಡಿಗೆ ನಡೆದವರು, 1943ರ ಏಪ್ರಿಲ್ 1ರಂದು ಹೊಸರಿತ್ತಿಯಾಗ ಕಂದಾಯದ ರೊಕ್ಕ ಇಟ್ಟಿದ್ದ ಕಡೆ ನುಗ್ಗಿದಾಗ ಗುಂಡಿಗೆ ಬಲಿಯಾದರು. ಜೊತೆಗೆ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಅವರೂ ಹೋದರು. ನಮ್ಮ ಅಜ್ಜನ ಮಾತು: ಆ ದಿನಗಳಾಗ ಟಪಾಲು ಹೊರೋ ಬಡಪಾಯಿಗೆ ಎರಡೂ ಕಡೆ ಅಂಜಿಕಿ. ಚೀಲ ಕೊಟ್ಟರೆ ಪೊಲೀಸರು ಬಡೀತಾರ, ಕೊಡದಿದ್ರ ಹುಡುಗರು ಬಿಡೂದಿಲ್ಲ. ಅವನೂ ನಮ್ಮವನೇ, ಹುಡುಗರೂ ನಮ್ಮವರೇ. ಆ ಚೀಲದೊಳಗೆ ಜೇಲಿನಾಗಿದ್ದ ಮಗನ ಕಾಗದವೂ ಇರ್ತಿತ್ತು.

ಆಮೇಲಿನದು ನಿಮಗೆ ಬಹಳಷ್ಟು ನೆನಪಿರ್ತೈತಿ, ಬೇಗ ಹೇಳಿ ಮುಗಿಸ್ತೀನಿ. 1972ರ ಆಗಸ್ಟ್ 15ಕ್ಕೆ ಪಿನ್‌ಕೋಡ್ ಬಂತು. ಶ್ರೀರಾಮ ಭಿಕಾಜಿ ವೇಲಣಕರ ಅನ್ನೋ ಸಂಸ್ಕೃತ ಪಂಡಿತರು, ಅಂಚೆ ಇಲಾಖೆಯ ಅಧಿಕಾರಿ, ಅದನ್ನ ಹೊಂದಿಸಿದವರು. ಹಾವೇರಿ 581110, ರಾಣೇಬೆನ್ನೂರು 581115, ಬ್ಯಾಡಗಿ 581106. ಮೊದಲಿನ 581 ನೋಡ್ರಿ, ಶಿರಸಿಗೆ 581401, ಕಾರವಾರಕ್ಕೆ 581301. ನಮ್ಮ ಎರೆ ಹೊಲಕ್ಕೂ ಕಾರವಾರದ ಸಮುದ್ರಕ್ಕೂ ಒಂದೇ ಗುಂಪು. 1997ರಲ್ಲಿ ಹಾವೇರಿ ಜಿಲ್ಲಾ ಆಯ್ತು, ಈಗ ಹಾವೇರಿಗೆ ತನ್ನದೇ ಅಂಚೆ ವಿಭಾಗ ಐತಿ. ಮೇಲಿನ ಕಚೇರಿ ಈಗಲೂ ಧಾರವಾಡದಾಗೇ. ಜಿಲ್ಲಾ ಆದ ಮೇಲೆ ಪ್ಯಾಟಿಯ ಪೋಸ್ಟಿನ ಮುಂದೆ ಗದ್ದಲ ಹೆಚ್ಚಾಯ್ತು, ಸೈಕಲ್ ನಿಲ್ಲೋ ಜಾಗದಾಗ ಬೈಕು, ಬೈಕಿನ ಜಾಗದಾಗ ಕಾರು.

ನಮ್ಮ ಮನಿಗೆ ಟಪಾಲ ಕಚೇರಿಯಿಂದ ಬಂದ ದೊಡ್ಡ ಉಪಕಾರ ಅಂದ್ರ ಕಿಸಾನ್ ವಿಕಾಸ ಪತ್ರ. 1988ರಲ್ಲಿ ಶುರುವಾದಾಗ ಐದೂವರೆ ವರ್ಷಕ್ಕೆ ರೊಕ್ಕ ಎರಡು ಪಟ್ಟು. ನಮ್ಮಪ್ಪ ಒಂದು ವರ್ಷ ಕಾಯಿಗೆ ಚಲೋ ರೇಟು ಸಿಕ್ಕಾಗ ಅರ್ಧ ರೊಕ್ಕ ತಂದು ದೊಡ್ಡಪ್ಪನ ಕೈಗೆ ಕೊಟ್ಟು, "ಅಣ್ಣಾ, ನಾ ಕೇಳಿದ್ರೂ ಕೊಡಬ್ಯಾಡ" ಅಂದಿದ್ದನಂತ. ನಡುವೆ ಒಂದು ಬರ ಬಂತು, ಅಪ್ಪ ಕೇಳಿದ. ದೊಡ್ಡಪ್ಪ ಕೊಡಲಿಲ್ಲ, ತನ್ನ ಮನಿಯ ಜ್ವಾಳದ ಚೀಲ ಕೊಟ್ಟ. ಆ ಪತ್ರ ಮುರಿದ ದಿನ ನಮ್ಮ ಮೊದಲನೇ ಬೋರು ಬಿತ್ತು. ಆ ನೀರಿನಾಗೇ ಈಗ ನಾನು ಕಾಯಿ ಬೆಳೆಯೋದು.

ಈಗ ಆ ಕೋಣೆಯಾಗ ಏನೇನು ನಡೀತೈತಿ ಅಂತ ಹೋದ ತಿಂಗಳು ಒಂದು ದಿನ ಕಟ್ಟೆ ಮೇಲೆ ಕೂತು ಎಣಿಸಿದೆ. 2018ರ ಸೆಪ್ಟೆಂಬರ್ 1ಕ್ಕೆ ಅಂಚೆ ಪಾವತಿ ಬ್ಯಾಂಕು ಶುರುವಾಯ್ತಲ್ಲ, ಅದರ ಆಸುಪಾಸಿನಾಗೇ ಹಳ್ಳಿ ಕಚೇರಿಗೆ ಕೈಯಾಗ ಹಿಡಿಯೋ ಯಂತ್ರ ಬಂತು. ಹೆಬ್ಬೆರಳು ಒತ್ತಿದ್ರ ಬೇರೆ ಬ್ಯಾಂಕಿನ ರೊಕ್ಕವೂ ಇಲ್ಲೇ ಸಿಗತೈತಿ. ಮುಂಜಾನೆ ಹತ್ತರಿಂದ ಒಂದರ ತನಕ ಬಂದವರು: ವೃದ್ಧಾಪ್ಯ ವೇತನ, ವಿಧವಾ ವೇತನಕ್ಕ ಹದಿನಾಲ್ಕು ಮಂದಿ. ಪಿಎಂ ಕಿಸಾನ್ 2,000 ತೆಗೆಸಾಕ ಆರು ಮಂದಿ. ಹೆಣ್ಣುಮಕ್ಕಳ ಸುಕನ್ಯಾ ಖಾತೆಗೆ ಮೂವರು. ಆನ್‌ಲೈನಿನಾಗ ತರಿಸಿದ ಪಾರ್ಸಲ್ ನಾಲ್ಕು, ಅದರಾಗ ಒಂದು ಟೊಮೆಟೊ ಬೀಜದ್ದು. ಕೋರ್ಟಿನ ನೋಟೀಸು ಒಂದು. ಕಾಗದ? ಒಂದೂ ಇಲ್ಲ.

ಅಕ್ಕೋರಿಗೆ ಕೂಡಾಕ ಜಾಗ ಐತಿ, ಯಂತ್ರಕ್ಕ ಜಾಗ ಐತಿ. ಬಂದವರು ನಿಲ್ಲೋದು ಹೊರಗೆ, ಬಿಸಲಾಗ. ಬೆರಳಿನ ಗೆರೆ ಅಳಿಸಿಹೋದ ಮುದುಕಿಯರದು ಯಂತ್ರ ಬೇಗ ತಗೊಳ್ಳೂದಿಲ್ಲ. ಜೀವಮಾನ ಕಳೆ ಕಿತ್ತ ಬೆರಳು. ಒಂದು ಸಲ, ಎರಡು ಸಲ, ಸೀರಿಗೆ ಒರೆಸಿಕೊಂಡು ಮೂರನೇ ಸಲ. ಒಬ್ಬೊಬ್ಬರಿಗೆ ಕಾಲು ತಾಸು. ನೆಟ್‌ವರ್ಕ್ ಹೋತಂದ್ರ ಅಕ್ಕೋರು ಯಂತ್ರ ಹಿಡ್ಕೊಂಡು ಬಸವಣ್ಣನ ಗುಡಿ ಕಟ್ಟೆಗೆ ಓಡ್ತಾರ, ಹಿಂದೆ ಸಾಲು ಹಿಡಿದು ಮುದುಕಿಯರು. ನೋಡಾಕ ನಗಿ ಬರ್ತೈತಿ, ಮೇ ತಿಂಗಳದಾಗ ಅಲ್ಲ. ಈಗ ಹೇಳ್ರಿ, ಜಾಗ ಯಾರಿಗೆ ಬೇಕಾಗೇತಿ? ಟಪಾಲಿಗಲ್ಲ, ಕಾಯೋರಿಗೆ. ಹಿಂದಿನ ಹತ್ತು ಫೂಟಿಗೆ ಅಕ್ಕೋರ ಮೇಜು, ಕಪಾಟು ಹೋಗಲಿ, ಮುಂದಿನ ಹಳೇ ಕೋಣೆ ಕಾಯೋರಿಗೆ ಬಿಡೋಣ ಅಂತ ನನ್ನ ಲೆಕ್ಕ. ಕಿಟಕಿ, ಕಟ್ಟೆ, ಕೆಂಪು ಡಬ್ಬಿ ಇದ್ದಲ್ಲೇ ಇರಲಿ.

ಬೆಂಗಳೂರಿನ ಕೇಂಬ್ರಿಡ್ಜ್ ಲೇಔಟಿನಾಗ 2023ರಲ್ಲಿ ಯಂತ್ರದಿಂದ ಕಾಂಕ್ರೀಟು ಪದರ ಪದರ ಹಾಕಿ, ತ್ರೀಡಿ ಪ್ರಿಂಟ್ ಅಂತಾರಲ್ಲ, ಅಂಚೆ ಕಚೇರಿ ಕಟ್ಟಿದರು. 1,021 ಚದರಡಿ, 43 ದಿನದಾಗ ಕೆಲಸ ಖತಮ್. ನಮ್ಮ ಮನಿಯಾಗ 80 ಚದರಡಿ ಸಲುವಾಗಿ ಜಗಳ ನಡೆದು 43 ದಿನ ಎಂದೋ ದಾಟೇತಿ.

ಗೌಂಡಿಯನ್ನ ಕರೆಸಿದ್ದೆ. ಆತ ಎರಡು ತೊಡಕು ತೋರಿಸಿದ. ಹಳೇ ಮನಿ ಇರೋರಿಗೆ ಉಪಯೋಗ ಆದೀತು, ಅದಕ್ಕ ಬರೀತೀನಿ. ಒಂದು, ಹಿತ್ತಲದಾಗ ಗೋಡೆಗೆ ಹತ್ತಿ ಹಳೇ ಹಗೇವು ಐತಿ. ಅಜ್ಜನ ಕಾಲದಾಗ ಜ್ವಾಳ ತುಂಬ್ತಿದ್ದರು, ಆಮೇಲೆ ಬೂದಿ ಕಸ ಹಾಕಿ ಮುಚ್ಚಿದ್ದು. ಅದರ ಮೇಲೆ ಬುನಾದಿ ಹಾಕಿದ್ರ ಎರಡು ಮಳೆಗಾಲಕ್ಕ ಗೋಡೆ ಕುಂದರತೈತಿ. ಪೂರಾ ತೆಗೆದು, ಗರಸು ಹಾಕಿ, ಅರ್ಧರ್ಧ ಫೂಟಿಗೆ ನೀರು ಬಿಟ್ಟು ಬಡಿದು ತುಂಬಬೇಕು. ಎರಡು, ಹೊಸ ಇಟ್ಟಂಗಿ ಗೋಡೆನ ಹಳೇ ಮಣ್ಣಿನ ಗೋಡೆಗೆ ಕಚ್ಚಿಸಿ ಕಟ್ಟಬಾರದು. ಎರಡೂ ಬೇರೆ ಬೇರೆ ಕುಂದರತಾವ, ಸೀಳು ಬರತಾವ. ನಡುವೆ ಬೆರಳಷ್ಟು ಸಂದು ಬಿಟ್ಟು, ಮೇಲೆ ತಗಡು ಮಡಚಿ ನೀರು ಇಳಿಯದಂಗ ಮಾಡಬೇಕು. ಹಂಗೇ, ಮಣ್ಣಿನ ಗೋಡೆಗೆ ಸಿಮೆಂಟ್ ಗಿಲಾವು ಬಡೀಬ್ಯಾಡ್ರಿ. ಒಳಗಿನ ತೇವ ಹೊರಗೆ ಬರಾಕ ದಾರಿ ಸಿಗದೆ ಹಪ್ಪಳದಂಗ ಎದ್ದು ಬೀಳತೈತಿ. ಸುಣ್ಣ, ಇಲ್ಲಾ ಮಣ್ಣು ಸಗಣಿ, ಅದೇ ಚಲೋ. ಕಟ್ಟೆ ಬದಿಗೆ ಮೆಟ್ಟಲಿನ ಬದಲಿ ಇಳಿಜಾರು ಹಾಕಬೇಕು ಅಂತ ಅಕ್ಕೋರು ಹೇಳ್ಯಾರ, ಅದು ಖರೇ ಮಾತು, ನನಗ ಹೊಳೆದಿರಲಿಲ್ಲ.

ಅಣ್ಣ ಇನ್ನೂ ಪೂರಾ ಒಪ್ಪಿಲ್ಲ. ಬ್ಯಾಡಗಿ ಮುಖ್ಯರಸ್ತೆ ಅಗಲ ಮಾಡೋ ಗದ್ದಲ ಎಷ್ಟು ವರ್ಷ ನಡೀತು ನೀವೇ ನೋಡೀರಿ, ಕಟ್ಟಡ ಅಂದ್ರ ಹೊಟ್ಟಿಪಾಡು, ಯಾರೂ ಸುಮ್ಮನೆ ಬಿಡೂದಿಲ್ಲ. ಅವನಿಗೆ ನಾನು ಹೇಳಿದ್ದು ಇಷ್ಟು: ಬೀದಿ ಮೂಲಿಯ ಎರಡು ಅಂಕಣ ಕೆಡವಿ ಮಳಿಗಿ ಕಟ್ಟಿಕೋ, ಮೂರನೇದು ಟಪಾಲ ಕೋಣೆ ಇರಲಿ. ಮೂರನೇ ಮಳಿಗಿಯ ಬಾಡಿಗಿ ಬದಲಿ ನನ್ನ ಹೊಲದ ಬದುವಿನ ಎಂಟು ಬೇವಿನ ಮರ ನಿನಗೆ, ಅದರ ಮ್ಯಾಲೆ ವರ್ಷಾ ಒಂದು ಚೀಲ ಡಬ್ಬಿ ಕಾಯಿ. ಅವನು "ಡಬ್ಬಿನೋ ಕಡ್ಡಿನೋ?" ಅಂತ ಕೇಳಿದ. ಕೇಳಿದ ಅಂದ್ರ ಅರ್ಧ ಒಪ್ಪಿದಂಗ ಅಂತ ನಮ್ಮವ್ವ ಅಂತಾಳ. ಅವ್ವಗೂ ಈಗ ಪೆನ್ಶನ್ ಬರೋದು ಅದೇ ಕಿಟಕಿಯಾಗ.

ಎಲ್ಲಾ ಸುಸೂತ್ರ ಆದ್ರ ಯುಗಾದಿ ಮುಗಿದ ಮರುವಾರ ಹಗೇವು ತೆಗೆಸೋದು. ಸಣ್ಣ ಮನಿ ಕೆಡವಾಕತ್ತವರು ಯಾರಾದರೂ ಇದ್ರ, ಹತ್ತು ಫೂಟಿನ ಸಾಗವಾನಿ ತೊಲೆ ಎರಡು, ಒಂದು ಬಾಗಲ ಚೌಕಟ್ಟು ಬೇಕಾಗೇತಿ, ಹುಳ ಹಿಡಿದಿರಬಾರದು. ರೇಟು ಕೂತು ಮಾತಾಡೋಣು. ನಿಮ್ಮೂರಾಗ ಟಪಾಲ ಕಚೇರಿ ಯಾರ ಮನಿಯಾಗಿತ್ತು, ಈಗ ಎಲ್ಲೈತಿ, ಹಿರಿಯರನ್ನ ಕೇಳಿ ನನಗೂ ತಿಳಿಸ್ರಿ. ಕಣದ ಆ ಮಗ್ಗಲ ನಾಯಿ ಬೊಗಳಾಕತ್ತೇತಿ, ಬ್ಯಾಟರಿ ಹಿಡ್ಕೊಂಡು ಒಂದು ಸುತ್ತು ಹೋಗಿ ಬರ್ತೀನಿ.